ಕ್ಯಾಲಿಫೋರ್ನಿಯಾದಲ್ಲಿ ಹೇಗೂ ಡೆಮಾಕ್ರಟರೇ ಗೆಲ್ಲೋದು. ಹೊಸದಾಗಿ ಪೌರತ್ವ ಪಡೆದ ನಾನು ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತಿನ ಚುನಾವಣೆಗೆ ವೋಟ್ ಹಾಕಿ ಏನು ಉಪಯೋಗ?

ಪೌರತ್ವದ ಪ್ರಮಾಣ ಮಾಡಿ ಮನೆಗೆ ಬಂದ ದಿನ ನಾನೂ ಇದೇ ಮಾತು ಹೇಳಿದ್ದೆ. ನೀವು ರಾಜ್ಯ ನೋಡುತ್ತಿದ್ದೀರಿ. ಅದನ್ನು ಬಿಡಿ, ನಿಮ್ಮ ಕ್ಷೇತ್ರ ಯಾವುದು?

ನನ್ನ ಕಥೆಯನ್ನೇ ಹೇಳುತ್ತೇನೆ. ನಮ್ಮದು 13ನೆಯದು. ಮರ್ಸೆಡ್ ಕಡೆ, ಸುತ್ತ ಬಾದಾಮಿ ತೋಟ, ಡೈರಿಗಳು. 2022ರಲ್ಲಿ ಇಲ್ಲಿ ರಿಪಬ್ಲಿಕನ್ ಪಕ್ಷದ ಜಾನ್ ಡುವಾರ್ಟೆ ಡೆಮಾಕ್ರಟ್ ಆಡಮ್ ಗ್ರೇ ಅವರನ್ನು ಸೋಲಿಸಿದ್ದು ಬರೀ 564 ವೋಟಿನಿಂದ. 2024ರಲ್ಲಿ ಅದೇ ಇಬ್ಬರು ಮತ್ತೆ ಎದುರಾದರು. ದಿನಾ ಅಂಚೆ ಡಬ್ಬಿ ತುಂಬಾ ನುಣುಪು ಕಾಗದದ ಪ್ರಚಾರದ ಕಾರ್ಡುಗಳು. ಒಂದರಲ್ಲಿ ಇವರ ಮುಖ ಕಪ್ಪು ಬಿಳುಪಿನಲ್ಲಿ, ಇನ್ನೊಂದರಲ್ಲಿ ಅವರದು. ನಾನು ಎಲ್ಲವನ್ನೂ ಒಟ್ಟಿಗೆ ಕಸಕ್ಕೆ ಹಾಕುತ್ತಿದ್ದೆ. ಈ ಅಭ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ನಾನು ಚಾಮರಾಜನಗರದ ಕಡೆಯವನು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಎ. ಆರ್. ಕೃಷ್ಣಮೂರ್ತಿ ಒಂದೇ ಒಂದು ವೋಟಿನಿಂದ ಧ್ರುವನಾರಾಯಣ ಅವರ ಎದುರು ಸೋತ ಕಥೆಯನ್ನು ಇಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ್ದೇನೆ. 40,751 ಮತ್ತು 40,752. ಸಂಖ್ಯೆ ಸಮೇತ ಬಾಯಿಪಾಠ. ಅಂಥವನು ನಾನು ಮಾಡಿದ್ದೇನು ಕೇಳಿ.

ಈ ರಾಜ್ಯದಲ್ಲಿ ನೋಂದಾಯಿಸಿದ ಎಲ್ಲ ಮತದಾರರ ಮನೆಗೂ ಮತಪತ್ರ ಅಂಚೆಯಲ್ಲೇ ಬರುತ್ತದೆ. ತುಂಬಿ, ಲಕೋಟೆಗೆ ಹಾಕಿ, ಲಕೋಟೆಯ ಮೇಲೆ ಸಹಿ ಮಾಡಿ ಕಳಿಸಬೇಕು. ಅಮೆರಿಕದಲ್ಲಿ ನನ್ನ ಮೊದಲ ವೋಟು. ಊಟದ ಮೇಜಿನ ಮೇಲೆ ಲಕೋಟೆ ಇಟ್ಟುಕೊಂಡು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿಧಾನವಾಗಿ ದುಂಡಗೆ ಕನ್ನಡದಲ್ಲಿ ಸಹಿ ಮಾಡಿದೆ. ಹೆಮ್ಮೆ, ಅಷ್ಟೇ. ಮಗಳು ಫೋಟೋ ಕೂಡ ತೆಗೆದಳು.

ಕನ್ನಡದಲ್ಲಿ ಸಹಿ ಮಾಡಿದ್ದು ತಪ್ಪಲ್ಲ. ಇದನ್ನು ಸರಿಯಾಗಿ ತಿಳಿದುಕೊಳ್ಳಿ, ಎಷ್ಟೋ ಜನ ತಪ್ಪು ತಿಳಿಯುತ್ತಾರೆ. ಸಹಿ ಯಾವ ಭಾಷೆಯಲ್ಲಾದರೂ ಇರಬಹುದು. ಆದರೆ ಚುನಾವಣಾ ಕಚೇರಿಯ ದಾಖಲೆಯಲ್ಲಿರುವ ಸಹಿಗೆ ಅದು ಹೋಲಬೇಕು. ನನ್ನ ದಾಖಲೆಯಲ್ಲಿ ಇದ್ದದ್ದು ಲೈಸೆನ್ಸ್ ಮಾಡಿಸುವಾಗ ಆ ಪುಟ್ಟ ಪರದೆಯ ಮೇಲೆ ಗೀಚಿದ್ದ ಇಂಗ್ಲಿಷ್ ಸಹಿ. ಒಂದು ಅಕ್ಷರ, ಆಮೇಲೆ ಎರೆಹುಳದ ಹಾಗೆ ಒಂದು ಗೆರೆ. ಲಕೋಟೆಯ ಮೇಲೆ ನೋಡಿದರೆ ದುಂಡು ಅಕ್ಷರ. ಇವೆರಡೂ ಒಬ್ಬನದೇ ಅಂತ ನಂಬುವುದು ಯಾರಿಗಾದರೂ ಕಷ್ಟ.

ಹಾಗಂತ ವೋಟನ್ನು ತಕ್ಷಣ ಎಸೆಯುವುದಿಲ್ಲ. ಪತ್ರ ಕಳಿಸುತ್ತಾರೆ. ಜೊತೆಗಿರುವ ಫಾರಂಗೆ ಸಹಿ ಹಾಕಿ ವಾಪಸ್ ಕಳಿಸಿದರೆ ಮುಗಿಯಿತು. ನನಗೂ ಬಂತು. ಚುನಾವಣೆ ಮುಗಿದ ಮೇಲೂ ಇನ್ನೇನು ಕಾಗದ ಅಂತ ಕಸದ ಬುಟ್ಟಿಗೆ ಹಾಕಿದೆ. ಒಂದು ಸಂಜೆ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಬಾಗಿಲು ತಟ್ಟಿದಳು, ಕೈಯಲ್ಲಿ ಹೆಸರುಗಳ ಪಟ್ಟಿ. ಎರಡೂ ಪಕ್ಷದವರು ಹೀಗೆ ಸಹಿ ಸರಿಪಡಿಸಲು ಮನೆ ಮನೆ ಸುತ್ತುತ್ತಿದ್ದರಂತೆ, ನನಗೆಲ್ಲಿ ಗೊತ್ತು? ಡೋರ್‌ಬೆಲ್ ಕ್ಯಾಮೆರಾದಲ್ಲಿ ನೋಡಿ ಸುಮ್ಮನೆ ಕೂತೆ. "ರೀ, ಯಾರೋ ಬಂದಿದ್ದಾರೆ" ಅಂದಳು ಹೆಂಡತಿ. "ಏನೋ ಮಾರೋಕೆ ಬಂದಿರ್ತಾರೆ ಬಿಡೇ" ಅಂದೆ.

ಎಣಿಕೆ ವಾರಗಟ್ಟಲೆ ನಡೆಯಿತು. ಮೊದಲು ಡುವಾರ್ಟೆ ಮುಂದಿದ್ದರು, ಬರುಬರುತ್ತಾ ಅಂತರ ಕರಗಿತು. ಡಿಸೆಂಬರ್ 3ಕ್ಕೆ ಅವರು ಸೋಲು ಒಪ್ಪಿಕೊಂಡರು. ಗ್ರೇ ಗೆದ್ದದ್ದು 187 ವೋಟಿನಿಂದ. ಅದೇ ಕ್ಷೇತ್ರದಲ್ಲಿ ಅಧ್ಯಕ್ಷ ಸ್ಥಾನಕ್ಕೆ ಜಾಸ್ತಿ ವೋಟ್ ಬಿದ್ದದ್ದು ಟ್ರಂಪ್‌ಗೆ! ಆ ವಾರ ಕುತೂಹಲಕ್ಕೆ ವೆಬ್‌ಸೈಟಿನಲ್ಲಿ ನನ್ನ ಮತಪತ್ರ ಹುಡುಕಿದೆ. ಎಣಿಸಿಲ್ಲ, ಸಹಿ ಹೊಂದಿಲ್ಲ ಅಂತ ಬಂತು. ನಾನು ಯಾರಿಗೆ ಹಾಕಿದ್ದೆ ಅಂತ ಕೇಳಬೇಡಿ. ನನ್ನ ಒಂದು ವೋಟು ಸೇರಿದ್ದರೆ 186 ಅಥವಾ 188, ಅಷ್ಟೇ ವ್ಯತ್ಯಾಸ, ಗೊತ್ತು. ಆದರೂ ಮಗಳ ಫೋನಿನಲ್ಲಿರುವ ಆ ಫೋಟೋ ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಕ್ಯಾಲಿಫೋರ್ನಿಯಾದ 52 ಸೀಟಿನಲ್ಲಿ ಬಹಳಷ್ಟು ಕಡೆ ಫಲಿತಾಂಶ ಮೊದಲೇ ಗೊತ್ತಿರುತ್ತದೆ, ನಿಜ. ಆದರೆ 2024ರಲ್ಲಿ ಆರೇಂಜ್ ಕೌಂಟಿ ಕಡೆಯ 45ನೇ ಕ್ಷೇತ್ರದಲ್ಲಿ ಡೆರೆಕ್ ಟ್ರಾನ್ ಗೆದ್ದದ್ದೂ 653 ವೋಟಿನಿಂದ. ಕಾಂಗ್ರೆಸ್ಸಿನ ಕೆಳಮನೆಯಲ್ಲಿ ಕೊನೆಗೆ ಬಂದ ಲೆಕ್ಕ ರಿಪಬ್ಲಿಕನ್ 220, ಡೆಮಾಕ್ರಟ್ 215. ಇನ್ನೊಂದು ವಿಷಯ, 2025ರ ನವೆಂಬರಿನಲ್ಲಿ ರಾಜ್ಯದ ಜನರೇ ವೋಟ್ ಹಾಕಿ ತೀರ್ಮಾನಿಸುವ ಪ್ರಸ್ತಾವ, ಪ್ರಾಪೊಸಿಷನ್ 50, ಪಾಸಾಗಿ ಕ್ಷೇತ್ರಗಳ ಗಡಿಯೇ ಬದಲಾಗಿದೆ. ಹಳೆಯ ನಕ್ಷೆ ನೋಡಿ ನಮ್ಮದು ಗಟ್ಟಿ ಸೀಟು, ಅವರದು ಗಟ್ಟಿ ಸೀಟು ಅಂತ ಕೂರಬೇಡಿ.

ಮತಪತ್ರ ಎಲ್ಲಿದೆ ಅಂತ ಮೆಸೇಜ್ ಕಳಿಸುವ ಸರ್ಕಾರಿ ಸೇವೆ ಇದೆ, ಹೆಸರು 'ವೇರ್ಸ್ ಮೈ ಬ್ಯಾಲಟ್'. ಇವತ್ತೇ ಸೇರಿಕೊಳ್ಳಿ, ದುಡ್ಡಿಲ್ಲ. ನಾನು ಹೊಸ ಫಾರಂ ತುಂಬಿ ದಾಖಲೆಯಲ್ಲೂ ಕನ್ನಡ ಸಹಿಯನ್ನೇ ಹಾಕಿಸಿದೆ. ಪ್ರಾಪೊಸಿಷನ್ 50ರ ವೋಟಿಗೆ ಅದೇ ಸಹಿ ಮಾಡಿದೆ. ಎಣಿಸಲಾಗಿದೆ ಅಂತ ಮೆಸೇಜ್ ಬಂದಾಗ ಆಫೀಸಿನಲ್ಲಿದ್ದೆ. ಸ್ಕ್ರೀನ್‌ಶಾಟ್ ತೆಗೆದು ಮಗಳಿಗೆ ಕಳಿಸಿದೆ.

ಈಗ ಒಮ್ಮೆ ನಿಮ್ಮ ಪರ್ಸಿನಿಂದ ಲೈಸೆನ್ಸ್ ತೆಗೆದು ನೋಡಿ. ಅದರ ಮೇಲಿರುವ ಸಹಿಯನ್ನು ನೀವೀಗ ಹಾಗೇ ಮಾಡಬಲ್ಲಿರಾ?