ಮಾರಲು ಹೋದಾಗ ಕೊಳ್ಳುವವರು ಯಾರು?

ಓದುಗರೊಬ್ಬರ ಪತ್ರದ ಸಾರ: "ಬಿಟ್‌ಕಾಯಿನ್ ನನಗೆ ದುಬಾರಿ. ಗೆಳೆಯ ಹಣ ಹಾಕಿದ, ಯಾರೂ ಹೆಸರು ಕೇಳಿರದ ಕಾಯಿನ್ ಒಂದು ಎಂಟು ಪಟ್ಟಾಗಿದೆ ಎಂದು ಆ್ಯಪ್ ತೋರಿಸುತ್ತಿದೆ. ಎನ್‌ಎಫ್‌ಟಿಯನ್ನೂ (ಡಿಜಿಟಲ್ ಚಿತ್ರದಂಥವುಗಳ ಹೆಸರಿನಲ್ಲಿ ಮಾರುವ ಟೋಕನ್) ಕೊಂಡಿಡು ಎನ್ನುತ್ತಾನೆ. ಉಳಿತಾಯದ ಒಂದು ಪಾಲು ಇದರಲ್ಲಿ ಹಾಕಲೇ? ಕಾಯಿನ್ ಇಡುವ ವ್ಯಾಲೆಟ್ ಸರಿಮಾಡಿಕೊಡಲು ಆ ಕಾಯಿನ್‌ನ ಗ್ರೂಪ್ ಅಡ್ಮಿನ್ ಅದರ ಕೀಲಿಯಂತಿರುವ ನನ್ನ ಹನ್ನೆರಡು ಪದಗಳನ್ನು ಕೇಳಿದ್ದಾರೆ. ಕಳಿಸಬಹುದೇ?"

ಉತ್ತರ: ಉಳಿತಾಯದ ಪಾಲು ಬೇಡ.

ನಿಮ್ಮ ಗೆಳೆಯರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ಆ್ಯಪ್ ಎಂಟು ಪಟ್ಟು ತೋರಿಸುತ್ತಿರಬಹುದು. ಅದರಲ್ಲಿ ಅರ್ಧವನ್ನು ಇವತ್ತೇ ಮಾರಿ ಬ್ಯಾಂಕ್ ಖಾತೆಗೆ ತರಿಸಿಕೊಳ್ಳಲು ಆಗುತ್ತದೆಯೇ ಎಂದು ಅವರನ್ನು ಕೇಳಿ ನೋಡಿ. ಕೊನೆಯ ವ್ಯವಹಾರ ಯಾವ ದರಕ್ಕೆ ನಡೆಯಿತೋ ಅದನ್ನು ಅವರ ಬಳಿಯಿರುವ ಎಲ್ಲ ಕಾಯಿನ್‌ಗೂ ಗುಣಿಸಿ ಆ್ಯಪ್ ತೋರಿಸುತ್ತದೆ. ಅಷ್ಟನ್ನೂ ಅದೇ ದರಕ್ಕೆ ಕೊಳ್ಳುವವರು ಇದ್ದಾರೆಂದು ಅದು ಎಲ್ಲೂ ಹೇಳುವುದಿಲ್ಲ.

ಸಣ್ಣ ಕಾಯಿನ್‌ಗಳ ವ್ಯಾಪಾರ ಹೆಚ್ಚಾಗಿ ಲಿಕ್ವಿಡಿಟಿ ಪೂಲ್‌ನಲ್ಲಿ, ಅಂದರೆ ಕೊಳ್ಳಲು-ಮಾರಲು ಕೆಲವರು ಕೂಡಿಟ್ಟ ನಿಧಿಯಲ್ಲಿ, ನಡೆಯುತ್ತದೆ. ಪೂಲ್‌ನ ಒಂದು ಬದಿಯಲ್ಲಿ ಆ ಕಾಯಿನ್, ಇನ್ನೊಂದು ಬದಿಯಲ್ಲಿ ಈಥರ್ ಎಂಬ ದೊಡ್ಡ ಕಾಯಿನ್ ಅಥವಾ ಡಾಲರ್ ಬೆಲೆಗೆ ಕಟ್ಟಿದ ಟೋಕನ್. ಎರಡೂ ಬದಿಯ ಸಂಖ್ಯೆಗಳನ್ನು ಗುಣಿಸಿದರೆ ಬರುವ ಫಲ ಬದಲಾಗಬಾರದು ಎಂಬುದು ಸಾಮಾನ್ಯ ಸೂತ್ರ. 10,000 ಡಾಲರ್, 10 ಲಕ್ಷ ಕಾಯಿನ್ ಇರುವ ಪೂಲ್ ಎಂದುಕೊಳ್ಳಿ. ದರ ಒಂದು ಸೆಂಟ್. ನೀವು 10 ಲಕ್ಷ ಕಾಯಿನ್ ತಂದು ಮಾರಿದರೆ ಆ್ಯಪ್ ಲೆಕ್ಕದಲ್ಲಿ 10,000 ಡಾಲರ್ ಬರಬೇಕು. ಆದರೆ ಪೂಲ್‌ನಲ್ಲಿ ಕಾಯಿನ್ ಇಮ್ಮಡಿಯಾದರೆ ಡಾಲರ್ ಅರ್ಧಕ್ಕಿಳಿಯಬೇಕು, ಹಾಗಾಗಿ ಕೈಗೆ ಬರುವುದು 5,000. ನಿಮ್ಮ ನಂತರ ಮಾರುವವರಿಗೆ ದರ ಕಾಲು ಸೆಂಟ್‌ಗೆ ಇಳಿದಿರುತ್ತದೆ. ಪೂಲ್‌ಗೆ ಹಣ ಹಾಕಿದವರೇ ಅದನ್ನು ಎತ್ತಿಕೊಂಡು ಹೋದರೆ ಆ ಕಾಲು ಸೆಂಟೂ ಇಲ್ಲ. ರಗ್ ಪುಲ್ ಎನ್ನುವುದು ಇದನ್ನೇ.

2021ರ ನವೆಂಬರ್‌ನಲ್ಲಿ ಸ್ಕ್ವಿಡ್ ಎಂಬ ಟೋಕನ್ 2,800 ಡಾಲರ್ ದಾಟಿ, ಕೆಲವೇ ನಿಮಿಷಗಳಲ್ಲಿ ಸೊನ್ನೆಯ ಹತ್ತಿರ ಬಂದು ನಿಂತಿತು. ಅದನ್ನು ಕೊಂಡವರಲ್ಲಿ ಬಹಳಷ್ಟು ಜನರಿಗೆ ಮಾರಲು ಆಗುತ್ತಲೇ ಇರಲಿಲ್ಲ. ಯಾರೂ ಮಾರಲಾಗದ ಸರಕಿನ ದರ ಏರದೆ ಇನ್ನೇನಾದೀತು?

ಇನ್ನು ದುಬಾರಿ, ಅಗ್ಗದ ಮಾತು. ಬಿಟ್‌ಕಾಯಿನ್ 2.1 ಕೋಟಿ ಮೀರುವಂತಿಲ್ಲ. ಶಿಬಾ ಇನು ಎಂಬ ಕಾಯಿನ್ ಶುರುವಾದದ್ದೇ ಹತ್ತು ಕೋಟಿ ಕೋಟಿ ಟೋಕನ್‌ಗಳಿಂದ. ಒಂದರ ದರದಲ್ಲಿ ಸೊನ್ನೆಗಳು ಹೆಚ್ಚಿದ್ದರೆ ಅದು ಒಟ್ಟು ಬೆಲೆಯನ್ನು ಅಷ್ಟು ಟೋಕನ್‌ಗಳಿಗೆ ಹಂಚಿದ ಲೆಕ್ಕ ಮಾತ್ರ, ಅಗ್ಗವೆಂದಲ್ಲ. ಅಲ್ಲದೆ ಬಿಟ್‌ಕಾಯಿನ್ ಅನ್ನು ಇಡಿಯಾಗಿಯೇ ಕೊಳ್ಳಬೇಕೆಂದೂ ಇಲ್ಲ, ತೀರಾ ಚಿಕ್ಕ ಚೂರನ್ನೂ ಕೊಳ್ಳಬಹುದು. (ಹಾಗೆಂದು ಅದನ್ನು ಕೊಳ್ಳಿ ಎನ್ನುತ್ತಿಲ್ಲ.)

ಎನ್‌ಎಫ್‌ಟಿಯ ಕಷ್ಟ ಇನ್ನೂ ಒಂದು ತೂಕ ಹೆಚ್ಚು. ಪ್ರತಿಯೊಂದೂ ಬೇರೆ ಬೇರೆಯಾದ್ದರಿಂದ, ನಿಮ್ಮ ಬಳಿ ಇರುವ ಅದೇ ಒಂದು ಬೇಕೆನ್ನುವ ಒಬ್ಬರು ಸಿಗಬೇಕು. ಟ್ವಿಟರ್ ಸಹಸ್ಥಾಪಕ ಜಾಕ್ ಡಾರ್ಸಿಯ ಮೊದಲ ಟ್ವೀಟ್‌ನ ಎನ್‌ಎಫ್‌ಟಿ 2021ರಲ್ಲಿ ಸುಮಾರು 29 ಲಕ್ಷ ಡಾಲರ್‌ಗೆ ಹೋಯಿತು. ಮರುವರ್ಷ ಕೊಂಡವರು 4.8 ಕೋಟಿ ಡಾಲರ್ ಕೇಳಿದರು. ಗಡುವು ಮುಗಿದಾಗ ಬಂದಿದ್ದ ದೊಡ್ಡ ಕೂಗು 300 ಡಾಲರ್ ಕೂಡ ಮುಟ್ಟಿರಲಿಲ್ಲ. ಮಾರಾಟದ ಸುದ್ದಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಅದೇ 2021ರಲ್ಲಿ ಕ್ರಿಪ್ಟೋಪಂಕ್ 9998 ಎಂಬ ಎನ್‌ಎಫ್‌ಟಿ ಸುಮಾರು 53 ಕೋಟಿ ಡಾಲರ್‌ಗೆ ಮಾರಾಟವಾದಂತೆ ಕಾಣಿಸಿತು. ಮಾಲೀಕರೇ ಕ್ಷಣಕಾಲದ ಸಾಲ ಎತ್ತಿ ತಮ್ಮಿಂದ ತಾವೇ ಕೊಂಡು, ಸಾಲ ತೀರಿಸಿದ್ದರು. ಇಷ್ಟಕ್ಕೂ ನೀವು ಕೊಳ್ಳುವುದು ಬ್ಲಾಕ್‌ಚೈನ್‌ನಲ್ಲಿ, ಅಂದರೆ ಹಲವು ಕಂಪ್ಯೂಟರ್‌ಗಳು ಹಂಚಿಕೊಂಡ ಲೆಕ್ಕದ ಪುಸ್ತಕದಲ್ಲಿ, ಒಂದು ದಾಖಲೆ. ಚಿತ್ರ ಸಾಮಾನ್ಯವಾಗಿ ಬೇರೆ ಸರ್ವರ್‌ನಲ್ಲಿರುತ್ತದೆ, ಕಾಪಿರೈಟ್ ಬಹುತೇಕ ಸಲ ನಿಮಗೆ ಬರುವುದೇ ಇಲ್ಲ. ಎಫ್‌ಟಿಎಕ್ಸ್ ಎಂಬ ಕ್ರಿಪ್ಟೋ ವಿನಿಮಯ ಕೇಂದ್ರ 2022ರಲ್ಲಿ ದಿವಾಳಿಯಾದ ಮೇಲೆ ಅಲ್ಲಿ ತಯಾರಾದ ಹಲವು ಎನ್‌ಎಫ್‌ಟಿಗಳ ಚಿತ್ರಗಳೇ ಮಾಯವಾದವು.

ಆದರೂ ಕುತೂಹಲ ತಣಿಯದಿದ್ದರೆ, ಪೂರ್ತಿ ಹೋದರೂ ಮನೆಯಲ್ಲಿ ಮಾತು ಬರದಷ್ಟು ಹಣ ಹಾಕಿ. ಸಾಲ ತಂದು ಬೇಡ. ಕೊಂಡ ಕೂಡಲೇ ಸ್ವಲ್ಪ ಮಾರಿ, ಹಣ ಖಾತೆಗೆ ಬರುತ್ತದೆಯೇ ನೋಡಿ. ಬಂತೆಂದು ಮೈಮರೆಯಬೇಡಿ, ಮೊದಲ ಸಲ ಕೊಟ್ಟು ನಂಬಿಸುವವರೂ ಇದ್ದಾರೆ.

ಹನ್ನೆರಡು ಪದಗಳನ್ನು ಅಡ್ಮಿನ್‌ಗೆ ಕಳಿಸಬೇಡಿ, ಗೆಳೆಯರಿಗೂ ಬೇಡ. ಅವು ಯಾರ ಬಳಿ ಇವೆಯೋ ವ್ಯಾಲೆಟ್ ಅವರದು. ಈ ಉತ್ತರ ತಲುಪುವ ಮೊದಲೇ ಕಳಿಸಿದ್ದರೆ ಪಾಸ್‌ವರ್ಡ್ ಬದಲಿಸಿ ಪ್ರಯೋಜನವಿಲ್ಲ. ಹೊಸ ಪದಗಳೊಂದಿಗೆ ಬೇರೆ ವ್ಯಾಲೆಟ್ ತೆರೆದು, ಹಳೆಯದರಲ್ಲಿ ಇರುವುದನ್ನೆಲ್ಲ ಈಗಲೇ ಅಲ್ಲಿಗೆ ಸಾಗಿಸಿ.

— ಸಂಪಾದಕ