‘ನನ್ನ ತಲೆಗೆ ಹತ್ತೋದಲ್ಲ ಇದು’: ಕಂಪ್ಯೂಟರ್ ಸೈನ್ಸ್ ಬಿಡಲು ಹೊರಟವಳ ಪ್ರಕರಣ

(ಗುರುತು ಸಿಗದಂತೆ ಊರು ಮತ್ತು ಮನೆಯ ವಿವರಗಳನ್ನು ಬದಲಿಸಲಾಗಿದೆ. ಹುಡುಗಿ ಮತ್ತು ತಂದೆ ಇಬ್ಬರ ಒಪ್ಪಿಗೆಯೂ ಇದೆ.)

ಹುಡುಗಿಗೆ 18 ವರ್ಷ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ, ಎರಡೂವರೆ ಎಕರೆ ಅಡಿಕೆ ತೋಟದ ಮನೆ. ಹತ್ತನೇ ತರಗತಿಯವರೆಗೆ ಊರಿನ ಕನ್ನಡ ಮಾಧ್ಯಮ ಶಾಲೆ, ಪಿಯುಸಿಯಲ್ಲಿ ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ). ಸಿಇಟಿ ಬರೆದು ಶಿವಮೊಗ್ಗದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಪಡೆದಿದ್ದಳು. ಮೊದಲ ಸೆಮಿಸ್ಟರ್‌ನ ಫಲಿತಾಂಶ ಬಂದಾಗ ಗಣಿತ ಮತ್ತು ಸಿ ಪ್ರೋಗ್ರಾಮಿಂಗ್ ಎರಡರಲ್ಲೂ ಫೇಲ್. ನಮ್ಮಲ್ಲಿಗೆ ಆಪ್ತಸಮಾಲೋಚನೆಗೆಂದು ತಾಯಿಯ ಜೊತೆ ಬಂದವಳು ಕೇಳಿದ್ದು ಒಂದೇ: ಮುಂದಿನ ವರ್ಷ ಬಿಎಸ್ಸಿಗೆ ಸೇರಿ ಆಮೇಲೆ ಬಿಎಡ್ ಮಾಡಿದರೆ ಹೇಗೆ? ದೊಡ್ಡಪ್ಪ ಆಗಲೇ ಹೇಳಿಬಿಟ್ಟಿದ್ದರು: ‘ಹೆಣ್ಮಗೀಗೆ ಎಂತಕ್ಕೆ ಬೇಕಿತ್ತು ಅದೆಲ್ಲ, ಟೀಚರ್ ಆಗಿದ್ರೆ ಮನೆ ಹತ್ರನೇ ಇರ್ತಿತ್ತು.’

ರಾತ್ರಿ ಎರಡರವರೆಗೆ ನಿದ್ದೆ ಬರುವುದಿಲ್ಲ, ಲ್ಯಾಬ್ ವೈವಾ (ಮೌಖಿಕ ಪರೀಕ್ಷೆ) ದಿನ ಹೊಟ್ಟೆನೋವು, ತರಗತಿಯಲ್ಲಿ ಕೊನೆಯ ಬೆಂಚು. ಇಂಥ ಪ್ರಕರಣದಲ್ಲಿ ಓದಿನ ಮಾತಿಗಿಂತ ಮೊದಲು ‘ಸಾಯುವ ಯೋಚನೆ ಬಂದಿದೆಯಾ’ ಎಂದು ನೇರವಾಗಿ, ತಾಯಿಯನ್ನು ಹೊರಗೆ ಕೂರಿಸಿ, ಕೇಳಲೇಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎನ್ನುವುದು ಸುಳ್ಳು ಭಯ. ಬಂದಿಲ್ಲ ಎಂದಳು. ಆದರೂ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಸಲಾಯಿತು. ಅಲ್ಲಿ ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡಬಹುದು.

ಎರಡನೇ ಭೇಟಿಗೆ ಅಂಕಪಟ್ಟಿ ತರಲು ಹೇಳಿದ್ದೆವು. ‘ಫೇಲ್’ ಎಂಬ ಪದವನ್ನು ಬಿಡಿಸಿ ನೋಡುವುದು ಅಂದಿನ ಕೆಲಸ. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಈಗಿನ ಕ್ರಮದಲ್ಲಿ ಆಂತರಿಕ ಮೌಲ್ಯಮಾಪನಕ್ಕೆ 50, ಸೆಮಿಸ್ಟರ್ ಪರೀಕ್ಷೆಗೆ 50. ಆಂತರಿಕದಲ್ಲಿ ಕನಿಷ್ಠ 20, ಪರೀಕ್ಷೆಯಲ್ಲಿ ಕನಿಷ್ಠ 18 (ಪತ್ರಿಕೆಯಲ್ಲಿ ಶೇ 35), ಒಟ್ಟು 40 ಬೇಕು. ಸಿ ವಿಷಯದಲ್ಲಿ ಇವಳ ಆಂತರಿಕ 31. ಪರೀಕ್ಷೆಯ 100 ಅಂಕದ ಪತ್ರಿಕೆಯಲ್ಲಿ 28 ಬಂದು, 50ಕ್ಕೆ ಇಳಿಸಿದಾಗ 14 ಆಗಿತ್ತು. ಒಟ್ಟು 45, ಅಂದರೆ ಒಟ್ಟು ಅಂಕದಲ್ಲಿ ಪಾಸಾಗಿದ್ದಾಳೆ. ತಪ್ಪಿದ್ದು ಪರೀಕ್ಷೆಯ ಕನಿಷ್ಠ ಅಂಕ, ಅದೂ ಪತ್ರಿಕೆಯ 7 ಅಂಕದಿಂದ. ಒಂದೊಂದು ಮಾಡ್ಯೂಲಿಗೆ 20 ಅಂಕದಂತೆ ಐದು ಮಾಡ್ಯೂಲಿನ ಪತ್ರಿಕೆ ಅದು. ಪಾಯಿಂಟರ್ (ಮೆಮೊರಿಯ ವಿಳಾಸ ಇಟ್ಟುಕೊಳ್ಳುವುದು), ಸ್ಟ್ರಕ್ಚರ್ (ಬೇರೆ ಬೇರೆ ಮಾಹಿತಿಯನ್ನು ಒಟ್ಟಿಗೆ ಕಟ್ಟುವುದು) ಬರುವ ಕೊನೆಯ ಎರಡು ಮಾಡ್ಯೂಲನ್ನು ಈಕೆ ಮುಟ್ಟಿಯೇ ಇರಲಿಲ್ಲ. ಅಂದರೆ 28 ಬಂದದ್ದು 60ಕ್ಕೆ. ಇದನ್ನು ಅವಳ ಕೈಯಲ್ಲೇ ಲೆಕ್ಕ ಹಾಕಿಸಿದೆವು. ನಾವೇ ಹೇಳಿದ್ದರೆ ಅದು ಸಮಾಧಾನದ ಮಾತಾಗಿ ಕೇಳಿಸುತ್ತಿತ್ತು.

ಆಮೇಲೆ ಇನ್ನೊಂದು ಲೆಕ್ಕ. ಸೆಮಿಸ್ಟರಿನಲ್ಲಿ ಎಷ್ಟು ಗಂಟೆ ನಿನ್ನ ಬೆರಳು ಕೀಬೋರ್ಡಿನ ಮೇಲಿತ್ತು? ವಾರಕ್ಕೆ ಎರಡು ಗಂಟೆಯ ಲ್ಯಾಬ್, ನಡೆದದ್ದು 13. ಒಟ್ಟು 26 ಗಂಟೆ ಎಂದು ಬರೆದಳು. ಒಂದು ಕಂಪ್ಯೂಟರಿಗೆ ಎಷ್ಟು ಜನ? ಇಬ್ಬರು. ಟೈಪ್ ಮಾಡುತ್ತಿದ್ದವರು ಯಾರು? ಜೊತೆಯ ಹುಡುಗ. ನೀನು? ‘ಅಕ್ಷರ ಚೆನ್ನಾಗಿದೆ ಅಂತ ರೆಕಾರ್ಡ್ ನಾನೇ ಬರೀತಿದ್ದೆ ಮೇಡಂ, ಇಬ್ಬರದ್ದೂ.’ ಸ್ವಂತ ಲ್ಯಾಪ್‌ಟಾಪ್ ಇಲ್ಲ. ಎಲ್ಲ ಕೂಡಿಸಿದರೆ ನಾಲ್ಕೈದು ಗಂಟೆ ದಾಟಲಿಲ್ಲ. ಹಾಸ್ಟೆಲಿನ ಅದೇ ರೂಮಿನ ಗೆಳತಿ ಪಿಯುಸಿಯಲ್ಲೇ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವಳು, ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದವಳು. ಅವಳ ಗಂಟೆಗಳು ನೂರಾರು. ಎರಡನ್ನೂ ಒಂದೇ ಹಾಳೆಯಲ್ಲಿ ಬರೆಸಿದಾಗ ಹುಡುಗಿ ಸುಮಾರು ಹೊತ್ತು ಮಾತಾಡಲಿಲ್ಲ.

ಪ್ರಕರಣದ ತಿರುಳು ಇಲ್ಲಿದೆ. ಅಭ್ಯಾಸದ ಕೊರತೆಯನ್ನು ಬುದ್ಧಿಯ ಕೊರತೆ ಎಂದು ಓದಿಕೊಳ್ಳುವುದು ಹೆಣ್ಣುಮಕ್ಕಳಲ್ಲಿ ಪದೇ ಪದೇ ಕಾಣುತ್ತದೆ. ಹುಡುಗ ಫೇಲಾದರೆ ‘ಪೇಪರ್ ಟಫ್ ಇತ್ತು’ ಅನ್ನುತ್ತಾನೆ, ಮನೆಯವರೂ ಹೌದೆನ್ನುತ್ತಾರೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಕಂಪ್ಯೂಟರ್ ಸೈನ್ಸ್ ಸೇರಿದವರಲ್ಲಿ ಹೆಣ್ಣುಮಕ್ಕಳು ಶೇ 7 ಮಾತ್ರ ಇದ್ದರು, 2000ದ ಹೊತ್ತಿಗೆ ಶೇ 42 ಆದರು. ಮೊದಲೇ ಕಲಿತು ಬಂದವರಿಗೂ ಹೊಸಬರಿಗೂ ಬೇರೆ ಬೇರೆ ಆರಂಭದ ತರಗತಿ ಕೊಟ್ಟದ್ದು, ಪ್ರವೇಶದಲ್ಲಿ ಹಿಂದಿನ ಪ್ರೋಗ್ರಾಮಿಂಗ್ ಅನುಭವಕ್ಕೆ ಕೊಡುತ್ತಿದ್ದ ತೂಕ ಇಳಿಸಿದ್ದು ಅಲ್ಲಿನ ಮುಖ್ಯ ಬದಲಾವಣೆಗಳು. ನಮ್ಮ ಕಾಲೇಜುಗಳಲ್ಲಿ ಇಬ್ಬರೂ ಒಂದೇ ತರಗತಿಯಲ್ಲಿ ಕೂರುತ್ತಾರೆ, ಉಪನ್ಯಾಸಕರು ‘ಅರ್ಥ ಆಯ್ತಾ’ ಎಂದಾಗ ಮುಂದಿನ ಬೆಂಚಿನವರು ಆಯ್ತು ಅನ್ನುತ್ತಾರೆ, ಪಾಠ ಮುಂದೆ ಹೋಗುತ್ತದೆ.

ಹಾಸ್ಟೆಲಿನಲ್ಲಿ ಯಾರೋ ‘ಕೋಟಾ ಸೀಟು’ ಅಂದದ್ದೂ ಮನಸ್ಸಿಗೆ ಚುಚ್ಚಿತ್ತು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದವರಿಗೆ ಶೇ 15 ಗ್ರಾಮೀಣ, ಶೇ 5 ಕನ್ನಡ ಮಾಧ್ಯಮ ಮೀಸಲಾತಿ ಇರುವುದು ನಿಜ. ರ‍್ಯಾಂಕಿಗೆ ಸಿಇಟಿಯದು ಅರ್ಧ, ಪಿಯುಸಿಯ ಭೌತ, ರಸಾಯನ, ಗಣಿತದ ಅಂಕ ಇನ್ನರ್ಧ. ಆ ಅಂಕಗಳನ್ನು ಯಾರೂ ದಾನ ಕೊಟ್ಟದ್ದಲ್ಲ. ಇದಕ್ಕಿಂತ ಹೆಚ್ಚು ಈ ವಿಷಯ ಬೆಳೆಸಲಿಲ್ಲ, ಬೆಳೆಸಿದಷ್ಟೂ ಗಾಯ ಕೆರೆದಂತೆ.

ಕೊಟ್ಟ ಸಲಹೆಯಲ್ಲಿ ಹೊಗಳಿಕೆ ಇರಲಿಲ್ಲ. ‘ನಿನ್ನ ಕೈಲಾಗತ್ತೆ’ ಎಂದು ಆಗಲೇ ಎಲ್ಲರೂ ಹೇಳಿದ್ದರು, ಆ ಮಾತು ಅವಳಿಗೆ ಇನ್ನೊಂದು ಸಾಲದಂತೆ ಕೇಳುತ್ತಿತ್ತು. ಬೇಕಿದ್ದದ್ದು ಗಂಟೆಗಳು.

ಮೊದಲು ಯಂತ್ರ. ಹೊಸ ಲ್ಯಾಪ್‌ಟಾಪಿನ ಅಗತ್ಯವಿಲ್ಲ. ಕಂಪನಿಗಳು ಬಳಸಿ ಬಿಟ್ಟ, ರಿಪೇರಿ ಮಾಡಿ ಮಾರುವ ಲ್ಯಾಪ್‌ಟಾಪ್ 20,000 ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಇಂಟೆಲ್ ಎಂಟನೇ ತಲೆಮಾರಿನ ಅಥವಾ ನಂತರದ ಪ್ರೊಸೆಸರ್ ಇರಲಿ, ಅದಕ್ಕಿಂತ ಹಳೆಯದಾದರೆ ವಿಂಡೋಸ್ 11 ಅಧಿಕೃತವಾಗಿ ನಡೆಯುವುದಿಲ್ಲ. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಸಾಕು. ಹಾರ್ಡ್ ಡಿಸ್ಕ್ ಇರುವುದು ಅಗ್ಗವೆಂದು ತಂದರೆ ತೆರೆದುಕೊಳ್ಳುವಷ್ಟರಲ್ಲಿ ಓದುವ ಮನಸ್ಸು ಹೋಗಿರುತ್ತದೆ. ಅಂಗಡಿಯಲ್ಲೇ ಚಾರ್ಜರ್ ಕಿತ್ತು ಅರ್ಧ ಗಂಟೆ ಓಡಿಸಿ ನೋಡಬೇಕು, ಎಲ್ಲ ಕೀಗಳನ್ನೂ ಒತ್ತಬೇಕು, ಬರಹದಲ್ಲಿ ವಾರಂಟಿ ಪಡೆಯಬೇಕು. ಅದೇ ದುಡ್ಡಿಗೆ ಡೆಸ್ಕ್‌ಟಾಪ್ ಸಿಗುತ್ತದಲ್ಲ ಎಂದು ತಂದೆ ಕೇಳಿದರು. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ಊರಲ್ಲಿ ಡೆಸ್ಕ್‌ಟಾಪ್ ಮೂಲೆ ಸೇರುತ್ತದೆ.

ಊರಿನ ಮನೆಯಲ್ಲಿ ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು. ಹಾಗಾಗಿ ಎಲ್ಲವೂ ಇಂಟರ್ನೆಟ್ ಇಲ್ಲದೆ ನಡೆಯುವಂತಿರಬೇಕು: ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಜಿಸಿಸಿ ಕಂಪೈಲರನ್ನು ಕಾಲೇಜಿನಲ್ಲೇ ಹಾಕಿಸಿಕೊಳ್ಳುವುದು, ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನ ಕನ್ನಡ ಧ್ವನಿಯ ಪಾಠಗಳನ್ನು ಮೊದಲೇ ಇಳಿಸಿಟ್ಟುಕೊಳ್ಳುವುದು. ಲ್ಯಾಪ್‌ಟಾಪ್ ಬರುವವರೆಗೆ ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಎಂಬ ಆ್ಯಪ್ ಹಾಕಿ ಅದರಲ್ಲೇ ಸಿ ಓಡಿಸಬಹುದು. ಬೆರಳು ನೋಯುತ್ತದೆ, ಆದರೆ ಏನೂ ಇಲ್ಲದ್ದಕ್ಕಿಂತ ಮೇಲು.

ದಿನಕ್ಕೆ 45 ನಿಮಿಷ, ವಾರಕ್ಕೆ ಐದು ದಿನ. ಭಾನುವಾರ ಒಟ್ಟಿಗೆ ನಾಲ್ಕು ಗಂಟೆ ಕೂರುತ್ತೇನೆ ಎಂದಳು, ಬೇಡವೆಂದೆವು. ವಾರದ ನಡುವೆ ಮರೆತುಹೋಗುತ್ತದೆ, ಸಾಲದ್ದಕ್ಕೆ ಭಾನುವಾರ ಸಂಜೆ ಊರಿಂದ ವಾಪಸು ಬರುವ ಬಸ್ಸಿನಲ್ಲೇ ಎರಡು ಗಂಟೆ ಹೋಗುತ್ತದೆ. 12 ವಾರಕ್ಕೆ 45 ಗಂಟೆ. ಪುಸ್ತಕದ ಪ್ರೋಗ್ರಾಮನ್ನು ನೋಡಿ ಟೈಪ್ ಮಾಡುವುದು ಮೊದಲ ಹತ್ತು ನಿಮಿಷ ಮಾತ್ರ. ಆಮೇಲೆ ಪುಸ್ತಕ ಮುಚ್ಚಿ ಅದನ್ನೇ ಬರೆಯಬೇಕು, ಕೊನೆಗೆ ಒಂದು ಬದಲಾವಣೆ ಮಾಡಬೇಕು: ಐದು ಸಂಖ್ಯೆಯ ಬದಲು ಎಷ್ಟು ಬೇಕಾದರೂ, ಏರಿಕೆ ಕ್ರಮದ ಬದಲು ಇಳಿಕೆ ಕ್ರಮ.

ಒಂದು ತಪ್ಪಿನ ಪುಸ್ತಕ. ನಾಲ್ಕು ಕಾಲಂ: ತಾರೀಖು, ಪರದೆಯ ಮೇಲೆ ಬಂದ ಸಂದೇಶ ಅಕ್ಷರಶಃ, ಕಾರಣ ಕನ್ನಡದಲ್ಲಿ, ಸರಿಪಡಿಸಿದ್ದು ಹೇಗೆ. ಮೂರು ವಾರದ ಪುಟಗಳನ್ನು ನೋಡಿದಾಗ ತಪ್ಪುಗಳೆಲ್ಲ ನಾಲ್ಕೈದು ಬಗೆಯವೇ. ಬೆಲೆ ಓದಿಕೊಳ್ಳುವ ಸ್ಕ್ಯಾನ್‌ಎಫ್‌ನಲ್ಲಿ & ಬಿಟ್ಟಿರುವುದು, ಅದರಿಂದ ಸೆಗ್ಮೆಂಟೇಶನ್ ಫಾಲ್ಟ್, ಅಂದರೆ ಪ್ರೋಗ್ರಾಂ ನಡುವೆಯೇ ನಿಂತುಹೋಗುವುದು. ಇಫ್ ಒಳಗೆ == ಬದಲು = ಹಾಕಿ ಷರತ್ತು ಯಾವಾಗಲೂ ನಿಜವಾಗುವುದು. ಫಾರ್ ಸಾಲಿನ ಕೊನೆಗೆ ಸೆಮಿಕೋಲನ್ ಬಿದ್ದು ಲೂಪಿನ ಒಳಗಿನ ಕೆಲಸ ಒಂದೇ ಸಲ ನಡೆಯುವುದು. 5/2 ಎಂದರೆ 2.5 ಬರುತ್ತದೆಂದು ಕಾದು 2 ಬಂದಾಗ ತಲೆಬಿಸಿ. ಕಂಪೈಲರ್ ಮೂವತ್ತು ತಪ್ಪು ತೋರಿಸಿದರೆ ಮೊದಲನೆಯದನ್ನು ಮಾತ್ರ ಸರಿಮಾಡಿ ಮತ್ತೆ ಓಡಿಸಬೇಕು, ಉಳಿದವು ಹೆಚ್ಚಾಗಿ ಅದರ ಮರಿಗಳೇ. ಈ ಒಂದು ಮಾತು ಅವಳ ವೈವಾ ಭಯವನ್ನು ನಮ್ಮ ಉಸಿರಾಟದ ಅಭ್ಯಾಸಕ್ಕಿಂತ ಹೆಚ್ಚು ಇಳಿಸಿತು ಎಂದು ಒಪ್ಪಿಕೊಳ್ಳಬೇಕು.

ಪಾಯಿಂಟರಿಗೆ ಮಾತ್ರ ಕಾಗದವೇ ಬೇಕು. ಚೌಕ ಎಳೆದು ಒಳಗೆ ಬೆಲೆ, ಕೆಳಗೆ ವಿಳಾಸ ಬರೆದು, ಒಂದೊಂದು ಸಾಲು ನಡೆದಾಗಲೂ ಯಾವ ಚೌಕ ಬದಲಾಯಿತು ಎಂದು ಗುರುತಿಸುವುದು. ವಿವರಣೆಯನ್ನು ಮೊದಲು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ, ಆಮೇಲೆ ಪರೀಕ್ಷೆಗೆ ಬೇಕಾದ ಇಂಗ್ಲಿಷ್ ವಾಕ್ಯ ಬರೆಯುವುದು. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ ಆಮೇಲೆ ಅರ್ಥ ಹುಡುಕುವ ಉಲ್ಟಾ ದಾರಿಯೇ ಅವಳನ್ನು ಕೊನೆಯ ಎರಡು ಮಾಡ್ಯೂಲಿನಿಂದ ಓಡಿಸಿತ್ತು.

ಲ್ಯಾಬಿನ ಜೊತೆಗಾರನಿಗೆ ಹೇಳಬೇಕಾದ ಮಾತನ್ನು ಇಲ್ಲೇ ಕೂತು ಅಭ್ಯಾಸ ಮಾಡಿಸಿದೆವು: ‘ಅರ್ಧ ಗಂಟೆ ನೀನು, ಅರ್ಧ ಗಂಟೆ ನಾನು. ರೆಕಾರ್ಡ್ ಅವರವರದ್ದು ಅವರವರು.’ ಜಗಳವಿಲ್ಲ, ಕ್ಷಮೆಯೂ ಇಲ್ಲ. ಅವನು ಒಪ್ಪದಿದ್ದರೆ ಲ್ಯಾಬ್ ಉಸ್ತುವಾರಿಯವರಿಗೆ ಹೇಳುವುದು ಎರಡನೇ ಹೆಜ್ಜೆ. ಹುಡುಗ ಒಪ್ಪಿದ. ಕೆಟ್ಟವನೇನಲ್ಲ, ಯಾರೂ ಕೇಳಿರಲಿಲ್ಲ ಅಷ್ಟೆ.

ಗಣಿತದ ಕಥೆ ಬೇರೆ, ಅಲ್ಲಿ ಸೀನಿಯರ್ ಒಬ್ಬಳ ಹತ್ತಿರ ವಾರಕ್ಕೆರಡು ಸಂಜೆ ಹೇಳಿಸಿಕೊಳ್ಳುವುದೇ ಸಾಕೆಂದು ಬಿಟ್ಟೆವು.

ತಂದೆಯ ಜೊತೆಗಿನ ಭೇಟಿಯಲ್ಲಿ ಹೆಣ್ಣು ಗಂಡು ಸಮಾನ ಎಂಬ ಭಾಷಣ ಮಾಡಲಿಲ್ಲ. ಅವರು ಅದನ್ನು ಒಪ್ಪದವರೂ ಅಲ್ಲ. ಅವರ ಚಿಂತೆಗಳನ್ನು ಬೇರೆಬೇರೆಯಾಗಿ ಬರೆದುಕೊಂಡೆವು. ದಾರಿ ಬದಲಿಸಿದರೆ ಬಿಎಸ್ಸಿ ಮೂರು ವರ್ಷ, ಬಿಎಡ್ ಎರಡು, ಆಮೇಲೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ), ಆಮೇಲೆ ನೇಮಕಾತಿ ಕರೆಯುವವರೆಗೆ ಕಾಯುವುದು. ಇಲ್ಲಿ ಉಳಿದಿರುವುದು ಮೂರೂವರೆ ವರ್ಷ. ಶಿಕ್ಷಕಿಯ ಕೆಲಸ ಕಡಿಮೆಯದಲ್ಲ, ಮಗಳಿಗೆ ಅದೇ ಬೇಕಾದರೆ ಸಂತೋಷ. ಆದರೆ ಏಳು ಅಂಕ ಕಡಿಮೆ ಬಂತೆಂದು ಹೋಗುವ ಜಾಗ ಅದಲ್ಲ. ಬೆಂಗಳೂರಿಗೆ ಒಬ್ಬಳೇ ಹೋಗಬೇಕಾಗುತ್ತದೆ, ಮದುವೆ ತಡವಾಗುತ್ತದೆ ಎಂಬ ಎರಡನ್ನು ‘ನಾಲ್ಕನೇ ವರ್ಷದ ಪ್ರಶ್ನೆಗಳು’ ಎಂದು ಪಕ್ಕಕ್ಕಿಟ್ಟೆವು, ತಂದೆ ನಕ್ಕು ಒಪ್ಪಿದರು.

ದುಡ್ಡಿನ ಮಾತೇ ನಿಜವಾಗಿ ಉದ್ದವಾದದ್ದು. ಎಲೆಚುಕ್ಕೆ ರೋಗದಿಂದ ಫಸಲು ಇಳಿದಿತ್ತು. ಮಲೆನಾಡಿನ ಮನೆಯ ತೊಂದರೆ ವರಮಾನ ಎಷ್ಟು ಎನ್ನುವುದಕ್ಕಿಂತ ಯಾವಾಗ ಎನ್ನುವುದರಲ್ಲಿ ಹೆಚ್ಚು: ಕಾಲೇಜಿನ ಫೀಸು ಕಟ್ಟಬೇಕಾದದ್ದು ಮಳೆಗಾಲದಲ್ಲಿ, ಕೈಯಲ್ಲಿ ಕಾಸಿಲ್ಲದಾಗ, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವ ಖರ್ಚಿನ ಮೇಲೆ. ಕೊಯ್ಲಾಗಿ ಅಡಿಕೆ ಮಂಡಿಗೆ ಹೋಗುವುದು ಚಳಿಗಾಲದ ನಂತರ. ಆದ್ದರಿಂದ ಮಾರ್ಚ್‌ನಲ್ಲೇ ಮುಂದಿನ ಫೀಸನ್ನು ಬೇರೆ ಠೇವಣಿಯಲ್ಲಿ ಇಡುವುದು, ಇಲ್ಲವೇ ಸ್ವಲ್ಪ ಅಡಿಕೆಯನ್ನು ಮಾರದೆ ಸಹಕಾರ ಸಂಘದಲ್ಲಿಟ್ಟು ಆಗಸ್ಟ್‌ನಲ್ಲಿ ಅದರ ಮೇಲೆ ಮುಂಗಡ ತೆಗೆಯುವುದು. ತಂದೆ ಎರಡನೆಯದನ್ನು ಆರಿಸಿದರು.

ಎಐಸಿಟಿಇಯ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು) ಪ್ರಗತಿ ವಿದ್ಯಾರ್ಥಿವೇತನಕ್ಕೆ ಹುಡುಗಿ ಅರ್ಜಿ ಹಾಕಿದ್ದಳು. ವರ್ಷಕ್ಕೆ 50,000 ರೂಪಾಯಿ, ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳಿಗೆ ಸಿಗುತ್ತದೆ. ಮೊದಲ ವರ್ಷದಲ್ಲೇ ಹಾಕಬೇಕು, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರಾದರೆ ಆ ವರ್ಷ. ಇವಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ, ಆಯ್ಕೆಯಾದರೂ ದುಡ್ಡು ಬಾರದಿರಲು ಅಷ್ಟು ಸಾಕು. ಮುಂದಿನ ತರಗತಿಗೆ ತೇರ್ಗಡೆಯಾಗದಿದ್ದರೆ ನವೀಕರಣವೂ ಇಲ್ಲ. ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ತೀರಿಸಲು ಇದೂ ಒಂದು ಕಾರಣ. ರೈತರ ಮಕ್ಕಳಿಗಾಗಿ ಇರುವ ರಾಜ್ಯ ಸರ್ಕಾರದ ರೈತ ವಿದ್ಯಾನಿಧಿಯಲ್ಲಿ ಇಂಜಿನಿಯರಿಂಗ್ ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 11,000 ರೂಪಾಯಿ. ಅದು ಬಂದಿರಲಿಲ್ಲ, ಏಕೆಂದರೆ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿತ್ತು, ತಂದೆಗೆ ಫ್ರೂಟ್ಸ್ (ರಾಜ್ಯ ಸರ್ಕಾರದ ರೈತರ ದಾಖಲೆ) ನೋಂದಣಿ ಇರಲಿಲ್ಲ. ಖಾತೆ ಬದಲಾವಣೆ ದೊಡ್ಡಪ್ಪನ ಸಹಿ ಇಲ್ಲದೆ ಆಗುವುದಲ್ಲ. ಹಾಗಾಗಿ ದೊಡ್ಡಪ್ಪನವರೂ ಒಂದು ದಿನ ಬಂದು ಕೂತರು, ಮಾತು ಟೀಚರ್ ಕೆಲಸದಿಂದ ಪೌತಿ ಖಾತೆಗೆ, ಅಂದರೆ ಅಜ್ಜನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ, ತಿರುಗಿತು.

ಮರುಪರೀಕ್ಷೆಯಲ್ಲಿ ಸಿ ವಿಷಯ ದಾಟಿತು, ಪತ್ರಿಕೆಯಲ್ಲಿ 52. ಗಣಿತ ಇನ್ನೂ ಉಳಿದಿದೆ. ನಿದ್ದೆ ಹನ್ನೊಂದೂವರೆಗೆ ಬರುತ್ತದಂತೆ. ಈಗ ಬಾಕಿ ಇರುವುದು ಸಂಜೆಯ ಲ್ಯಾಬ್: ಹುಡುಗರು ಏಳೂವರೆವರೆಗೆ ಕೂರುತ್ತಾರೆ, ಹೆಣ್ಣುಮಕ್ಕಳ ಹಾಸ್ಟೆಲ್ ಗೇಟು ಆರೂವರೆಗೆ ಮುಚ್ಚುತ್ತದೆ. ಆರು ಹುಡುಗಿಯರ ಸಹಿ ಹಾಕಿಸಿ, ಲ್ಯಾಬಿನಿಂದ ಹಾಸ್ಟೆಲ್‌ವರೆಗೆ ಅಟೆಂಡರ್ ಜೊತೆ ಬರುವ ವ್ಯವಸ್ಥೆಯನ್ನೂ ಬರೆದು ಅರ್ಜಿ ಕೊಡಿಸಿದೆವು. ಸದ್ಯ ಮಂಗಳವಾರ ಮತ್ತು ಗುರುವಾರಕ್ಕೆ ಒಪ್ಪಿಗೆ ಸಿಕ್ಕಿದೆ, ಉಳಿದ ದಿನಗಳ ಬಗ್ಗೆ ಮುಂದಿನ ಸೆಮಿಸ್ಟರಿನಲ್ಲಿ ಮತ್ತೆ ಕೇಳಬೇಕು.