ಪಾತ್ರದ ಆಟದಲ್ಲಿ ಅದೇ ನಾಲ್ಕು ಮಕ್ಕಳು ಮಾತಾಡುತ್ತಿದ್ದರೆ

ತರಗತಿಯಲ್ಲಿ ಮಕ್ಕಳಿಗೆ ಪಾತ್ರ ಹಂಚಿ ಆಟ ಆಡಿಸಿದರೆ ಅದೇ ನಾಲ್ಕು ಮಕ್ಕಳು ಮಾತಾಡುತ್ತಾರೆ, ಏನು ಮಾಡಲಿ ಅಂತ ಮಂಡ್ಯದ ಶಿಕ್ಷಕರೊಬ್ಬರ ಪ್ರಶ್ನೆ. ನಿಮ್ಮ ಎಂಟನೇ ತರಗತಿಯಲ್ಲಿ ನಾಲ್ಕೇ ಮಕ್ಕಳು ಮಾತಾಡಿ ಉಳಿದವರು ಸುಮ್ನೆ ಕೂರುವುದಕ್ಕೆ ಕಾರಣ ಬಹುಶಃ ಇದು: ಅವರ ಪಾತ್ರಕ್ಕೆ ಹೆಸರಿದೆ, ಕೆಲಸ ಇಲ್ಲ. ಪಾಯಿಂಟ್ ಜಾಸ್ತಿ ಕೊಟ್ಟರೆ ಇದು ಸರಿಹೋಗುವುದಿಲ್ಲ.

ಮೊದಲು ಐದೈದು ಜನರ ಗುಂಪು ಮಾಡಿ. ಮಂಡ್ಯದ ಮಕ್ಕಳಿಗೆ ಗೊತ್ತಿರುವ ಕಥೆಯನ್ನೇ ಹಿಡಿಯಿರಿ: ವಿಶ್ವೇಶ್ವರಯ್ಯ ನಾಲೆಯಲ್ಲಿ ಈ ಸಲ ನೀರು ಕಡಿಮೆ. ಐದು ಪಾತ್ರ: ನಾಲೆಯ ತಲೆಭಾಗದ ಭತ್ತದ ರೈತ, ಕೊನೆಭಾಗದ ಕಬ್ಬಿನ ರೈತ, ರಾಗಿ ಹಾಕಿದ ಅಜ್ಜಿ, ಗದ್ದೆಗಳಿಗೆ ನೀರು ಬಿಡುವ ನೀರಗಂಟಿ, ಇಂಜಿನಿಯರ್. ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಡಿ. ಬೇರೆಯವರಿಗೆ ಗೊತ್ತಿಲ್ಲದ ಒಂದು ವಿಷಯ ಅದರಲ್ಲಿ ಇರಲೇಬೇಕು. ಈ ನಾಲೆಗೆ ನೀರು ಬರುವ ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್) ಪೂರ್ಣ ಮಟ್ಟ 124.80 ಅಡಿ ಅಂತ ಎಲ್ಲರಿಗೂ ಹೇಳಿ, ಇವತ್ತಿನ ಮಟ್ಟವನ್ನು ಇಂಜಿನಿಯರ್ ಚೀಟಿಯಲ್ಲಿ ಮಾತ್ರ ಬರೆಯಿರಿ. ತೀರಾ ಮೌನವಾಗಿರುವ ಹುಡುಗಿಗೆ ಆ ಚೀಟಿ ಹೋಗಲಿ. ಅವಳು ಬಾಯಿಬಿಡದೆ ಆಟ ಮುಂದೆ ಹೋಗುವುದಿಲ್ಲ, ಅಲ್ವಾ?

ನೀರು ಹಂಚಿದ ಮೇಲೆ ದಾಳ ಹಾಕಿಸಿ. 6 ಬಿದ್ದರೆ ಕೊಡಗಿನಲ್ಲಿ ಮಳೆ, ಕಟ್ಟೆಗೆ ನೀರು ಬಂತು; 1 ಬಿದ್ದರೆ ನಾಲೆ ಒಡೆಯಿತು. ಆದದ್ದನ್ನು ಬರೆದಿಡಿ, ಮುಂದಿನ ವಾರ ಅಲ್ಲಿಂದಲೇ ಶುರು ಮಾಡಿ. ಒಣಗಿದ ಗದ್ದೆ ಒಣಗಿಯೇ ಇರಲಿ. ಮಕ್ಕಳು ಕಾಯುವುದೇ ಇದಕ್ಕೆ. ಆದರೆ ಪಾತ್ರ ಸೋತಿತು ಅಂತ ಪರೀಕ್ಷೆಯ ಅಂಕ ಕಳೆಯಲೇಬೇಡಿ.

ತರಗತಿ ತುಂಬಾ ದೊಡ್ಡದಿದ್ದರೆ ಇಷ್ಟೊಂದು ಗುಂಪು ಸಂಭಾಳಿಸುವುದು ಅನುಮಾನ. ಆಗ ಒಂದು ಪಾತ್ರಕ್ಕೆ ಇಬ್ಬರನ್ನು ಹಾಕಿ. ಕೊನೆಯ ಹತ್ತು ನಿಮಿಷ ಆಟ ನಿಲ್ಲಿಸಿ, ನೀರನ್ನು ಯಾಕೆ ಹಾಗೆ ಹಂಚಿದರು ಅಂತ ಅವರಿಂದಲೇ ಹೇಳಿಸಿ.